ಒಪ್ಪಿದಷ್ಟೇ ಕೆಲಸವೋ, ಮೈಮುರಿದು ದುಡಿಮೆಯೋ?

ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮುಗಿದ ಕೂಡಲೇ ಹೊರಡಬೇಕೇ, ಮೇಲ್ವಿಚಾರಕರ ಕಣ್ಣಿಗೆ ಬೀಳಲು ಇನ್ನಷ್ಟು ಹೊತ್ತು ನಿಲ್ಲಬೇಕೇ? ತುಮಕೂರಿನ ಅನೇಕ ಯುವಕರ ಮುಂದೆ ಈ ಪ್ರಶ್ನೆ ಇದೆ. ನೌಕರಿ ಬಿಡದೆ, ಒಪ್ಪಿಕೊಂಡಷ್ಟನ್ನು ಮಾತ್ರ ಮಾಡುವ ಈ ನಿಲುವು 2022ರಲ್ಲಿ ‘ಕ್ವೈಟ್ ಕ್ವಿಟಿಂಗ್’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಚರ್ಚೆಯಾಯಿತು.

ಹೀಗೆ ಮಾಡುವವರನ್ನು ಸೋಮಾರಿಗಳೆಂದು ಕರೆಯುವುದು ಅನ್ಯಾಯ. ಕಾನೂನು ಕಾರ್ಖಾನೆ ಕಾರ್ಮಿಕರಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದನ್ನು ಮೀರಿದ ದುಡಿಮೆಗೆ ದುಪ್ಪಟ್ಟು ದರದ ವೇತನ ಅವರ ಹಕ್ಕು. ಲೆಕ್ಕಕ್ಕೆ ಸೇರದ ಹೆಚ್ಚುವರಿ ಗಂಟೆ ಪುಕ್ಕಟೆ ದುಡಿಮೆ. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಸುಮಾರು 70 ಕಿಲೋಮೀಟರ್ ಹೋಗಿಬರುವ ನೌಕರರಿಗಂತೂ ಸಂಜೆ ಒಂದು ಗಂಟೆ ತಡವಾದರೆ ಮಕ್ಕಳು ಮಲಗಿರುತ್ತಾರೆ.

ಹಾಗೆಂದು ಹೆಚ್ಚುವರಿ ಶ್ರಮವೆಲ್ಲ ವ್ಯರ್ಥವೆಂದು ನಾನು ಹೇಳಲಾರೆ. ಐಟಿಐ ಮುಗಿಸಿ ಹೊಸದಾಗಿ ಸೇರಿದವರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಪ್ರೋಗ್ರಾಮಿಂಗ್ ಕಲಿಯಲು ಉಳಿದರೆ, ಆ ಕೌಶಲ ಕಂಪನಿ ಬದಲಿಸಿದರೂ ಜೊತೆಗೆ ಬರುತ್ತದೆ. ಇನ್ನೊಬ್ಬರ ವರದಿ ತುಂಬಿಸಲು ಉಳಿದರೆ ಏನೂ ಬರುವುದಿಲ್ಲ. ಕಲಿಕೆ ಇರುವಲ್ಲಿ ಉಳಿಯಿರಿ, ಇಲ್ಲದಲ್ಲಿ ಹೊರಡಿ.

ಗುತ್ತಿಗೆ ನೌಕರರ ಪಾಡು ಬೇರೆ. ಗುತ್ತಿಗೆ ನವೀಕರಣವಾಗದ ಭಯದಲ್ಲಿ ಅವರಿಗೆ ‘ಆಗುವುದಿಲ್ಲ’ ಎನ್ನುವುದು ಸುಲಭವಲ್ಲ. ದುಡಿದ ಗಂಟೆಗಳನ್ನು ದಿನಾಂಕದೊಂದಿಗೆ ಬರೆದಿಡುವುದನ್ನಾದರೂ ಅವರು ಬಿಡಬಾರದು.

ನೌಕರಿಯನ್ನೇ ಬಿಡುವ ಯೋಚನೆಯಿದ್ದರೆ, ಕಾಯಂ ನೌಕರರು ಗ್ರಾಚ್ಯುಟಿಗೆ (ನೌಕರಿ ಬಿಡುವಾಗ ಸಿಗುವ ಇಡುಗಂಟಿಗೆ) ಬೇಕಾದ 5 ವರ್ಷ ತುಂಬಿದೆಯೇ ಎಂದು ಮೊದಲು ನೋಡಿಕೊಳ್ಳಲಿ.