ಕಾಯಂ ಇಳಿಜಾರೋ, ಮಡಚುವ ರ‍್ಯಾಂಪೋ?

ಬಾಗಲಕೋಟೆ ಕಡೆಯ ಹಳೆಯ ವಾಡೆಯಲ್ಲಿ ಸಣ್ಣ ಸಂಗ್ರಹಾಲಯ ನಡೆಸುವವರು ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಇವೆರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮೊದಲು ಕಟ್ಟೆಯ ಎತ್ತರ ಅಳೆಯಿರಿ. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದದ ಲೆಕ್ಕ: 15 ಸೆಂ.ಮೀ. ಮೆಟ್ಟಿಲಿಗೆ 1.8 ಮೀಟರ್ ಉದ್ದ ಸಾಕು, 60 ಸೆಂ.ಮೀ. ಕಟ್ಟೆಗೆ 7.2 ಮೀಟರ್ ಬೇಕು.

ಒಂದೇ ಮೆಟ್ಟಿಲಾದರೆ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಸರಿ. ಆದರೆ ಅದನ್ನು ಕೋಣೆಯಲ್ಲಿಟ್ಟು ಬೀಗ ಜಡಿದರೆ ಬಂದವರು ಬಿಸಿಲಲ್ಲಿ ಕೀಲಿಕೈಗಾಗಿ ಕಾಯಬೇಕು. ಇದನ್ನು ನಾನಂತೂ ಒಪ್ಪಲಾರೆ.

ಎತ್ತರ ಹೆಚ್ಚಿದ್ದರೆ ಕಾಯಂ ಇಳಿಜಾರೇ ಆಗಬೇಕು, ಎರಡೂ ಬದಿ ಹಿಡಿಕಂಬಿಯೊಂದಿಗೆ. ಇಳಕಲ್ ಗ್ರಾನೈಟ್ ಹಾಸುವುದಾದರೆ ಪಾಲಿಶ್ ಬೇಡವೇ ಬೇಡ. ಮಳೆ ಬಿದ್ದೊಡನೆ ಚಕ್ರವೂ ಜಾರುತ್ತದೆ, ಊರುಗೋಲೂ ಜಾರುತ್ತದೆ. ಕಲ್ಲಿನ ಮೈ ಒರಟಾಗಿಯೇ ಇರಲಿ. ಕಟ್ಟಡ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದ್ದರೆ ಅನುಮತಿಯಿಲ್ಲದೆ ಕಾಯಂ ಕಾಮಗಾರಿಗೆ ಕೈಹಾಕುವಂತಿಲ್ಲ.