ಕೊನೇ ಸಾಲಿಗೂ ಕೇಳ್ಬೇಕು: ನಾಲ್ಕು ಹೊಸ ರಾಕ್ ಆಲ್ಬಂ, ಹಳೇ ಸ್ಟೇಡಿಯಂ ಸೌಂಡ್

2007ರ ಮಾರ್ಚಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿಗೆ ಬಂದಾಗ ಪ್ಯಾಲೇಸ್ ಗ್ರೌಂಡ್ಸಲ್ಲಿ ನಾನೂ ಅಣ್ಣನೂ ನಿಂತಿದ್ದು ತೀರಾ ಹಿಂದೆ. ಅಲ್ಲಿಂದ ಡ್ರಮ್ಮರ್ ಕೈ ಕೆಳಗೆ ಬರೋದು ಮೊದ್ಲು ಕಾಣ್ತಿತ್ತು, ಏಟು ಆಮೇಲೆ ಬಂದು ಎದೆಗೆ ಬಡೀತಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ನೂರು ಮೀಟರ್ ದೂರದಲ್ಲಿ ನಿಂತ್ರೆ ಹೆಚ್ಚುಕಮ್ಮಿ 0.3 ಸೆಕೆಂಡ್ ತಡ. ಅವತ್ತಿಂದ ನನ್ ತಲೇಲಿ ಕೂತಿರೋದು ಒಂದೇ: ದೊಡ್ಡ ಮೈದಾನಕ್ಕೆ ಅಂತ ಮಾಡಿದ ಹಾಡಲ್ಲಿ ಏಟಿಗೂ ಏಟಿಗೂ ಮಧ್ಯ ಜಾಗ ಇರ್ಬೇಕು, ಇಲ್ಲಾಂದ್ರೆ ಹಿಂದೆ ನಿಂತೋರಿಗೆ ಎಲ್ಲಾ ಕಲಸಿ ಹೋಗುತ್ತೆ. ಇನ್ನೊಂದು, ಇಂಗ್ಲಿಷ್ ಅರ್ಥ ಆಗ್ದೇ ಇದ್ರೂ ಜನ ಜೊತೆಗೆ ಹಾಡೋ ಹಾಗಿರ್ಬೇಕು. ಮೇಡನ್ ಶೋಲಿ ಜನ ಗಿಟಾರ್ ರಾಗನೇ "ಓ ಓ ಓ" ಅಂತ ಹಾಡ್ತಾರಲ್ಲ, ಹಾಗೆ.

ಈಗ ಆ ಥರ ಸೌಂಡ್ ಯಾರೂ ಮಾಡಲ್ಲ ಅಂತ ಅಣ್ಣನ ಕಂಪ್ಲೇಂಟು. ಮಾಡ್ತಾರೆ ಅಂತ ನನ್ ವಾದ. ಅದಕ್ಕೇ 2020ರಿಂದ ಈಚೆಗೆ ಬಂದ ನಾಲ್ಕು ಆಲ್ಬಂ ತಗೊಂಡು ಒಂದೊಂದನ್ನೂ ಪೂರ್ತಿ ಮೂರು ಸಲ ಕೇಳಿದ್ವಿ, ಒಂದ್ಸಲ ಹಾಲಲ್ಲಿರೋ ದೊಡ್ಡ ಸ್ಪೀಕರಲ್ಲಿ (ಆಂಪ್ಲಿಫೈಯರ್ ಎಸ್.ಪಿ. ರೋಡಿಂದ ತಂದಿದ್ದು, ಸೆಕೆಂಡ್ ಹ್ಯಾಂಡು), ಒಂದ್ಸಲ ನೆಲಮಂಗಲ ದಾಟಿದ ಮೇಲೆ ಹಾಸನ ರೋಡಲ್ಲಿ ಕಾರಲ್ಲಿ, ಒಂದ್ಸಲ ಮೆಟ್ರೋಲಿ ಇಯರ್‌ಫೋನ್ ಹಾಕ್ಕೊಂಡು. ಹೋಲಿಸೋವಾಗ ಒಂದು ಮರೀಬೇಡಿ, ನಾಲ್ಕರದ್ದೂ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಸ್ವಲ್ಪ ಜೋರಾಗಿರೋದು ಯಾವಾಗ್ಲೂ ಕಿವಿಗೆ ಚೆನ್ನಾಗಿದೆ ಅನ್ಸುತ್ತೆ. ಮೊದಲನೇ ವಾರ ನಾವು ಇದನ್ನ ಮಾಡ್ಲಿಲ್ಲ, ಅದೆಲ್ಲಾ ಬಿಟ್ಟು ಮತ್ತೆ ಶುರು ಮಾಡ್ಬೇಕಾಯ್ತು.

ಮೊದ್ಲು ಅಣ್ಣನ ಆಯ್ಕೆ, ಆಸ್ಟ್ರೇಲಿಯಾದ ಬ್ಯಾಂಡ್ ಎಸಿ/ಡಿಸಿ ಅವ್ರ 'ಪವರ್ ಅಪ್', ನವೆಂಬರ್ 2020. ಹನ್ನೆರಡು ಹಾಡು, 41 ನಿಮಿಷ, ಮುಗೀತು. ಬ್ಯಾಂಡಿನ ಗಿಟಾರಿಸ್ಟ್ ಮಾಲ್ಕಮ್ ಯಂಗ್ 2017ರಲ್ಲಿ ತೀರಿಕೊಂಡ್ರು, ಆದ್ರೆ ಇದ್ರಲ್ಲಿರೋ ಎಲ್ಲಾ ಹಾಡಿಗೂ ಅವ್ರ ತಮ್ಮ, ಇನ್ನೊಬ್ಬ ಗಿಟಾರಿಸ್ಟ್ ಆಂಗಸ್ ಜೊತೆ ಅವ್ರ ಹೆಸರೂ ಇದೆ, ಯಾಕಂದ್ರೆ ಅಣ್ಣ ತಮ್ಮ ಸೇರಿ ಮಾಡಿಟ್ಟಿದ್ದ ಹಳೇ ರಿಫ್‌ಗಳನ್ನೇ (ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ತಗೊಂಡು ಆಂಗಸ್ ಈ ಆಲ್ಬಂ ಕಟ್ಟಿದ್ದು. ಕಿವಿ ತೊಂದರೆಯಿಂದ 2016ರಲ್ಲಿ ಟೂರ್ ಬಿಟ್ಟಿದ್ದ ಬ್ರಯಾನ್ ಜಾನ್ಸನ್ ವಾಪಸ್ ಬಂದು ಹಾಡಿದಾರೆ. ಇದನ್ನೆಲ್ಲಾ ತಿಳ್ಕೊಂಡು ಕೇಳಿದ್ರೆ ಮನಸ್ಸು ತುಂಬುತ್ತೆ, ತಿಳೀದೇ ಕೇಳಿದ್ರೂ ಸೌಂಡ್ ತಾನೇ ಹೇಳುತ್ತೆ. ಇವ್ರ ಗಿಟಾರಲ್ಲಿ ಡಿಸ್ಟಾರ್ಷನ್, ಅಂದ್ರೆ ಸದ್ದನ್ನ ಬೇಕಂತ್ಲೇ ಒರಟು ಮಾಡೋದು, ಜನ ಅಂದ್ಕೊಂಡಷ್ಟು ಇರಲ್ಲ, ಕಾರ್ಡ್ ಹೊಡೆದ್ರೆ ಒಂದೊಂದು ತಂತಿನೂ ಬೇರೆ ಬೇರೆ ಕೇಳುತ್ತೆ, ಹೊಡೆದು ತಕ್ಷಣ ನಿಲ್ಲಿಸ್ತಾರೆ, ಆ ನಿಲ್ಸಿದ ಜಾಗದಲ್ಲಿ ಫಿಲ್ ರಡ್ ಡ್ರಮ್ಮು ಒಂದೇ ಒಂದು ಏಟು, ಅಷ್ಟೇ. ಹಾಲಲ್ಲಿ ಕೇಳ್ದಾಗ ಟೀಪಾಯಿ ಮೇಲಿದ್ದ ಲೋಟ ನಡುಗ್ತು. "ಕೇಳ್ದ್ಯೇನೇ, ಖಾಲಿ ಜಾಗ ಹೆಂಗೆ ಹೊಡೀತಿದೆ ನೋಡು" ಅಂದ ಅಣ್ಣ. ಒಪ್ಕೊಂಡೆ. ಬರೀ ಸೌಂಡ್ ಅಂತ ನೋಡಿದ್ರೆ ನಾಲ್ಕರಲ್ಲಿ ಇದೇ ಮೇಲು. ಆದ್ರೆ ಒಂಬತ್ತನೇ ಹಾಡಿನ ಹೊತ್ತಿಗೆ ಯಾವ್ದು ಯಾವ ಹಾಡು ಅಂತ ನಂಗೆ ಗೊತ್ತಾಗ್ದೇ ಹೋಯ್ತು, ಮೂರು ಸಲವೂ.

ಗ್ರೀಟಾ ವ್ಯಾನ್ ಫ್ಲೀಟ್ ಅವ್ರದ್ದು 'ಸ್ಟಾರ್‌ಕ್ಯಾಚರ್', 2023. ಮಿಶಿಗನ್‌ನ ಫ್ರಾಂಕನ್‌ಮತ್ ಅನ್ನೋ ಸಣ್ಣ ಊರಿನ ಮೂವರು ಅಣ್ಣತಮ್ಮಂದಿರು, ಜೊತೆಗೊಬ್ಬ ಡ್ರಮ್ಮರ್ ಗೆಳೆಯ. ಇವ್ರು ಬಂದ ದಿನದಿಂದ ಎಪ್ಪತ್ತರ ದಶಕದ ಬ್ಯಾಂಡ್ ಲೆಡ್ ಝೆಪ್ಲಿನ್ ಥರ ಅಂತ ಎಲ್ರೂ ಹೇಳಿದ್ದೇ ಹೇಳಿದ್ದು, ನಾನು ಆ ಮಾತಿಗೆ ಹೋಗಲ್ಲ. ನಂಗೆ ಇದು ಮೆಟ್ರೋಲಿ ಬಹಳ ಇಷ್ಟ ಆಯ್ತು. ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿರೋದು, ಬ್ಯಾಂಡ್ ಪೂರ್ತಿ ಒಂದೇ ರೂಮಲ್ಲಿ ಕೂತು ನಮ್ಮ ಮುಂದೇನೇ ನುಡಿಸ್ತಿರೋ ಹಾಗೆ ಕೇಳುತ್ತೆ. ಆದ್ರೆ ಸ್ಟೇಡಿಯಂ? ಡ್ರಮ್ ಫಿಲ್ (ತಾಳದ ಮಧ್ಯ ತುಂಬಿಸೋ ಸಣ್ಣ ಏಟುಗಳು) ಮೇಲೆ ಫಿಲ್ಲು, ಗಿಟಾರ್ ಎಲ್ಲೆಲ್ಲೋ ಅಲೆದಾಡ್ಕೊಂಡು ಬರೋದು, ಕಾರಿನ ಟೈರ್ ಸದ್ದಿನ ಮಧ್ಯ ಅರ್ಧಕ್ಕರ್ಧ ಕಳೆದೋಯ್ತು. ಒಳ್ಳೇ ಆಲ್ಬಮ್ಮೇ, ಆದ್ರೆ ಮೈದಾನದ್ದಲ್ಲ, ರೂಮಿಂದು.

ಇಂಗ್ಲೆಂಡಿನ ಬ್ಯಾಂಡ್ ಡೆಫ್ ಲೆಪರ್ಡ್ ಹೆಸರು ಕೇಳಿದ್ರೆ ನಂಗೆ ಅವ್ರ 1987ರ ಆಲ್ಬಂ 'ಹಿಸ್ಟೀರಿಯಾ'ದ ಕೋರಸ್‌ಗಳೇ (ಹಾಡಲ್ಲಿ ತಿರುಗಿ ತಿರುಗಿ ಬರೋ ಪಲ್ಲವಿ) ನೆನಪಾಗೋದು, ಒಂದೇ ಸಾಲನ್ನ ಎಷ್ಟೋ ಸಲ ಹಾಡಿ ಹಾಡಿ ಒಂದರ ಮೇಲೊಂದು ಪದರ ಹಾಕಿ, ನಾಲ್ಕೈದು ಜನದ ಗಂಟಲಲ್ಲಿ ಇಡೀ ಊರೇ ಹಾಡ್ತಿದೆ ಅನ್ಸೋ ಹಾಗೆ ಮಾಡಿದ್ದು ಪ್ರೊಡ್ಯೂಸರ್ ಮಟ್ ಲ್ಯಾಂಗ್. 2022ರ 'ಡೈಮಂಡ್ ಸ್ಟಾರ್ ಹೇಲೋಸ್'ನಲ್ಲಿ ಲ್ಯಾಂಗ್ ಇಲ್ಲ, ಆದ್ರೆ ಆ ಕೈಚಳಕ ಹಾಗೇ ಇದೆ. ಕೊರೊನಾ ಟೈಮಲ್ಲಿ ಬೇರೆ ಬೇರೆ ದೇಶಗಳಲ್ಲಿ ಅವರವ್ರ ಮನೇಲೇ ಕೂತು ಮಾಡಿದ್ದು ಅಂತ ಗೊತ್ತಾದಾಗ ನಂಗೆ ನಂಬಕ್ಕಾಗ್ಲಿಲ್ಲ, ಅಷ್ಟು ಒಟ್ಟಿಗೆ ಕೇಳುತ್ತೆ. ಡ್ರಮ್ಮರ್ ರಿಕ್ ಆಲನ್ 1984ರ ಕಾರ್ ಆಕ್ಸಿಡೆಂಟಲ್ಲಿ ಎಡಗೈ ಕಳ್ಕೊಂಡ್ರು, ಆಮೇಲೆ ಕಾಲಿಂದ ನುಡಿಸೋ ಪೆಡಲ್‌ಗಳನ್ನ ಸೇರಿಸಿಕೊಂಡು ಡ್ರಮ್ಮನ್ನ ಹೊಸದಾಗಿ ಕಲಿತ್ರು. ಅವ್ರ ಒಂದೊಂದು ಏಟೂ ಅಗಲವಾಗಿ, ಬಿಡಿಬಿಡಿಯಾಗಿ ಬೀಳುತ್ತೆ, ನಾನು ಹುಡುಕ್ತಿದ್ದ ಜಾಗ ಇಲ್ಲಿ ಧಾರಾಳವಾಗಿ ಸಿಕ್ತು. ಕಾರಲ್ಲಿ ಮೊದಲ ಐದಾರು ಹಾಡು ಅಂತೂ ಕುಣಿಗಲ್ ಬಂದಿದ್ದೇ ಗೊತ್ತಾಗ್ಲಿಲ್ಲ. ತೊಂದರೆ ಏನಪ್ಪಾ ಅಂದ್ರೆ ಹದಿನೈದು ಹಾಡು, ಒಂದು ಗಂಟೆ ಮೇಲೆ. ಹತ್ತಕ್ಕೆ ನಿಲ್ಸಿದ್ರೆ ಇದು ನನ್ನ ಎರಡನೇ ಸ್ಥಾನದಲ್ಲಿ ಗಟ್ಟಿಯಾಗಿ ಕೂರ್ತಿತ್ತು. ಅಮೆರಿಕದ ಗಾಯಕಿ ಆಲಿಸನ್ ಕ್ರೌಸ್ ದನಿ ಸೇರಿರೋ ಎರಡು ಹಾಡು ಮಾತ್ರ ಬಿಡ್ಬೇಡಿ.

(ರೋಲಿಂಗ್ ಸ್ಟೋನ್ಸ್ 2023ರ 'ಹ್ಯಾಕ್ನಿ ಡೈಮಂಡ್ಸ್' ಯಾಕಿಲ್ಲ ಅಂತ ಕೇಳ್ಬಹುದು. ಅವ್ರು 2003ರಲ್ಲಿ ಬೆಂಗಳೂರಲ್ಲಿ ನುಡಿಸ್ದಾಗಿಂದ ಅಣ್ಣನಿಗೆ ಅವ್ರ ಮೇಲೆ ಪ್ರಾಣ. ಆಲ್ಬಂ ಬಹಳ ಚೆನ್ನಾಗಿದೆ, ಆದ್ರೆ ಅವ್ರದ್ದು ಬ್ಲೂಸ್ ಬೇರು, ಈ ನಾಲ್ಕರ ಪಕ್ಕ ಇಟ್ಟು ತೂಗೋದು ಸರಿಯಿಲ್ಲ.)

ಈಗ ನನ್ನದು. ಘೋಸ್ಟ್, 'ಸ್ಕೆಲೆಟಾ', ಏಪ್ರಿಲ್ 2025. ಸ್ವೀಡನ್ನಿನ ಟೋಬಿಯಾಸ್ ಫೋರ್ಜ್ ನಡೆಸೋ ಬ್ಯಾಂಡು, ಪೋಪ್ ಥರ ವೇಷ, ಮುಖವಾಡ, ಸೈತಾನನ ಮಾತು. ಅದನ್ನ ನೋಡಿನೇ ಎಷ್ಟೋ ಜನ ದೂರ ಹೋಗ್ತಾರೆ, ಅಣ್ಣನೂ ಹೋಗಿದ್ದ. ದಯವಿಟ್ಟು ಕಣ್ಣು ಮುಚ್ಕೊಂಡು ಕೇಳಿ. ಮೊದಲನೇ ಹಾಡು ಮೆಲ್ಲಗೆ ಶುರುವಾಗಿ ಕೀಬೋರ್ಡ್ ಬಂದ ತಕ್ಷಣ 1983ರ ಜರ್ನಿ ಬ್ಯಾಂಡೇ ಬಂದು ನಿಂತ ಹಾಗೆ ಅನ್ಸುತ್ತೆ, ಆಮೇಲೆ ಕೋರಸ್ ಏರುತ್ತಲ್ಲ, ಅಲ್ಲಿ ನಂಗೆ ಮೈ ಜುಮ್ ಅಂತು. ಮೂರು ಸಲವೂ ಅಲ್ಲೇ. ಹಿಂದಿನ 'ಇಂಪೆರಾ' (2022) ಸಾಮ್ರಾಜ್ಯಗಳು ಏಳೋದು ಬೀಳೋದರ ಬಗ್ಗೆ, ಇದು ಒಳಗಿನ ನೋವಿನ ಬಗ್ಗೆ, ಆದ್ರೂ ಸೌಂಡ್ ಚಿಕ್ಕದಾಗಿಲ್ಲ, ಅದೇ ನಂಗೆ ಆಶ್ಚರ್ಯ. ಒಬ್ಬನ ಸಂಕಟನ ಇಪ್ಪತ್ತು ಸಾವಿರ ಜನ ಒಟ್ಟಿಗೆ ಹಾಡೋ ಹಾಗೆ ಕಟ್ಟೋದು ಸುಲಭ ಅಲ್ಲ. ಪದ್ಯ ಭಾಗದಲ್ಲಿ ವಾದ್ಯಗಳನ್ನ ತೆಗೆದು ತೆಗೆದು ತೆಳು ಮಾಡ್ತಾರೆ, ಹಾಗಾಗಿ ಕೋರಸ್ ಬಂದಾಗ ವಾಲ್ಯೂಮ್ ಮುಟ್ಟದೇನೇ ಎರಡರಷ್ಟು ದೊಡ್ಡದಾಗಿ ಕೇಳುತ್ತೆ. ಗಿಟಾರ್ ಸೋಲೋಗಳೂ ಅಷ್ಟೇ, ಬೆರಳಿನ ಸ್ಪೀಡ್ ತೋರ್ಸಕ್ಕಲ್ಲ, ಗುನುಗಕ್ಕೆ. ಹಾಲಲ್ಲಿ ಹಾಕಿದ್ದಾಗ ಅಡುಗೆಮನೇಲಿ ಒಗ್ಗರಣೆ ಹಾಕ್ತಿದ್ದ ಅತ್ತಿಗೆ, ಈ ಥರ ಮ್ಯೂಸಿಕ್ ಯಾವತ್ತೂ ಕೇಳದೋರು, ಎರಡನೇ ಕೋರಸ್ಸಿಗೆ ರಾಗ ಗುನುಗ್ತಿದ್ರು. ನನ್ನ ಲೆಕ್ಕದಲ್ಲಿ ಅವ್ರೇ ಕೊನೇ ಸಾಲು. ಉಳಿದ ಮೂರು ಆಲ್ಬಂಗೂ ಅಲ್ಲಿಂದ ಸದ್ದು ಬರ್ಲಿಲ್ಲ.

ಸೌಂಡಲ್ಲಿ ಒಂದು ಕೊರತೆ ಇದೆ, ಹೇಳ್ಬೇಕು. ಎಸಿ/ಡಿಸಿ ಪಕ್ಕ ಇಟ್ರೆ ಗಿಟಾರ್ ಸ್ವಲ್ಪ ನುಣುಪು ಜಾಸ್ತಿ, ತಂತಿ ಬಿಡಿಯಾಗಿ ಕೇಳಲ್ಲ, ಕೀಬೋರ್ಡ್ ಅದನ್ನ ಮುಚ್ಕೊಳುತ್ತೆ. ಇಯರ್‌ಫೋನಲ್ಲಿ ಇದು ಹೆಚ್ಚು ಗೊತ್ತಾಯ್ತು.

ಅಮೆರಿಕದ ವಾರದ ಆಲ್ಬಂ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ 'ಪವರ್ ಅಪ್' ಆದ್ಮೇಲೆ ನಂಬರ್ ಒನ್‌ಗೆ ಬಂದ ಮೊದಲ ಹಾರ್ಡ್ ರಾಕ್ ಆಲ್ಬಂ ಈ 'ಸ್ಕೆಲೆಟಾ'ನೇ, ನಾಲ್ಕು ವರ್ಷದ ಮೇಲೆ. ಅಂದ್ರೆ ನಾನೂ ಅಣ್ಣನೂ ಜಗಳ ಆಡ್ತಿರೋ ಎರಡು ಆಲ್ಬಮ್ಮೇ ಅಲ್ಲೂ ಹಿಂದೆ ಮುಂದೆ ನಿಂತಿವೆ. ನನ್ನ ಸಾಲು ಹೀಗೆ: 'ಸ್ಕೆಲೆಟಾ', 'ಪವರ್ ಅಪ್', 'ಡೈಮಂಡ್ ಸ್ಟಾರ್ ಹೇಲೋಸ್', 'ಸ್ಟಾರ್‌ಕ್ಯಾಚರ್'. ಅಣ್ಣ ಮೊದಲೆರಡನ್ನ ಅದಲು ಬದಲು ಮಾಡ್ತಾನೆ. ಆದ್ರೆ ಹೋದ್ವಾರ ಹಾಸನಕ್ಕೆ ಹೊರಟಾಗ ಕಾರಲ್ಲಿ ಕೂತಿದ್ದೇ ಅವ್ನೇ ಕೇಳ್ದ, "ಆ ಸ್ವೀಡನ್ನಿಂದು ಹಾಕೇ."