ಪಾರದರ್ಶಕ ಕವಚ, ಹಾವ್ಲಿ, ಅಂಟಿಸಿದ ತಂತಿ: ಮೂರೂ ರಿಟೇನರ್ ಹಾಕಿಕೊಂಡು ನೋಡಿದ ಮೇಲೆ

ದೊಡ್ಡವರಾದ ಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ ತಾಳ್ಮೆಗೆ ನಿಜವಾದ ಪರೀಕ್ಷೆ ಶುರುವಾಗುವುದು ಕ್ಲಿಪ್ ತೆಗೆದ ಮೇಲೆ. ಹಲ್ಲಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಳೇ ಹಿಡಿಯುತ್ತವೆ, ವಸಡಿನ ನಾರುಗಳಿಗೆ ವರ್ಷವೂ ಬೇಕಾಗಬಹುದು. ಅಷ್ಟರಲ್ಲಿ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನವಾದ ರಿಟೇನರ್ ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೇ ಹೊರಡುತ್ತದೆ.

ಪಾರದರ್ಶಕ ಕವಚಕ್ಕೆ ಬಾಯಿ ಬೇಗ ಒಗ್ಗುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್. ‘ಸ’, ‘ಶ’ ಸ್ವಲ್ಪ ತೊದಲುತ್ತವೆ, ಅಷ್ಟೇ. ಎದುರಿಗಿದ್ದವರಿಗೆ ಕಾಣದು ಎಂಬ ಹೊಗಳಿಕೆಯೂ ನಿಜ, ಆದರೆ ಊಟದ ಹೊತ್ತಿನವರೆಗೆ ಮಾತ್ರ. ದವಡೆಹಲ್ಲಿನ ಬಳಿ ಉಗುರು ಸಿಕ್ಕಿಸಿ ಒಂದು ಬದಿ, ಆಮೇಲೆ ಇನ್ನೊಂದು ಬದಿ ಎಬ್ಬಿಸಬೇಕು. ಕಳಚುವಾಗ ಜೊಲ್ಲಿನ ಎಳೆಯೊಂದು ಜೊತೆಗೇ ಬರುತ್ತದೆ. ಸಹೋದ್ಯೋಗಿಗಳ ನಡುವೆ ಕೂತು ಮಾಡುವ ಕೆಲಸ ಖಂಡಿತ ಅಲ್ಲ. ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟರೆ ಕಸದ ಬುಟ್ಟಿಗೇ ಹೋಗುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಆಕಾರ ಕೆಡುತ್ತದೆ, ಹಾಕಿಕೊಂಡೇ ಸಿಹಿ ಪಾನೀಯ ಕುಡಿದರೆ ಸಕ್ಕರೆ ಹಲ್ಲಿಗೆ ಅಂಟಿಕೊಂಡೇ ಉಳಿಯುತ್ತದೆ. ನನ್ನದು ಕೊನೆಗೆ ದವಡೆಹಲ್ಲಿನ ಮೇಲೆಯೇ ಸೀಳಿತು.

ಅನಂತರ ಬಂದದ್ದು ಹಾವ್ಲಿ: ಅಂಗುಳಕ್ಕೆ ಒತ್ತಿ ಕೂರುವ ಅಕ್ರಿಲಿಕ್ ಫಲಕ, ಮುಂದಿನ ಹಲ್ಲುಗಳ ಮೇಲೆ ಹಾಯುವ ಉಕ್ಕಿನ ತಂತಿ. ಮೊದಲ ದಿನಗಳು ಕಷ್ಟ. ಬಾಯಿಗೆ ಅದು ತುತ್ತೆಂದೇ ಭ್ರಮೆ, ಜೊಲ್ಲು ನಿಲ್ಲದು. ಕನ್ನಡ ಮಾತನಾಡುವವರಿಗೆ ಇನ್ನೊಂದು ತೊಂದರೆಯೂ ಉಂಟು: ‘ಟ’, ‘ಡ’, ‘ಣ’, ‘ಳ’ ಹೇಳಲು ನಾಲಿಗೆ ಮಡಚಿ ಅಂಗುಳ ಮುಟ್ಟಬೇಕು, ಅಲ್ಲಿ ಫಲಕ ಕೂತಿರುತ್ತದೆ. ‘ಬೆಳಗಿನ ಗಾಳಿ’ ಎನ್ನಲು ಹೋದರೆ ‘ಳ’ ಎಲ್ಲೋ ಜಾರುತ್ತಿತ್ತು. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾ ಹೋದಂತೆ ಸರಿಯಾಯಿತು. ಒಗ್ಗಿದ ಮೇಲೆ ಮಾತ್ರ ಇದರಷ್ಟು ನೆಮ್ಮದಿ ಕವಚದಲ್ಲಿ ಇರಲಿಲ್ಲ. ಹಲ್ಲಿನ ಮೇಲ್ಭಾಗ ತೆರೆದೇ ಇರುವುದರಿಂದ ಮೇಲಿನ ಸಾಲೂ ಕೆಳಗಿನ ಸಾಲೂ ತಾವಾಗಿ ಹೊಂದಿಕೊಳ್ಳುತ್ತವೆ. ತಂತಿ ಸಡಿಲವಾದರೆ ವೈದ್ಯರು ಇಕ್ಕಳದಿಂದ ಬಿಗಿಮಾಡುತ್ತಾರೆ, ಹೊಸದು ಮಾಡಿಸಬೇಕಿಲ್ಲ.

ಕೆಳಗಿನ ಮುಂಭಾಗದ ಆರು ಹಲ್ಲುಗಳ ಹಿಂದೆ ಅಂಟಿಸಿರುವ ತಂತಿ ಮರೆಯಲು, ಕಳೆಯಲು ಸಾಧ್ಯವಿಲ್ಲದ್ದು. ಸೋಮಾರಿಗಳಿಗೆ ವರ ಎಂದುಕೊಂಡಿದ್ದೆ. ಆದರೆ ಜೊಲ್ಲಿನ ನಾಳ ತೆರೆದುಕೊಳ್ಳುವುದು ಅಲ್ಲೇ, ಕಿಟ್ಟ ಬೇಗ ಕಟ್ಟುವುದೂ ಅಲ್ಲೇ. ಫ್ಲಾಸ್ ದಾರವನ್ನು ಮೇಲಿನಿಂದ ಇಳಿಸಲಾಗದು, ತಂತಿಯ ಕೆಳಗೆ ಪೋಣಿಸಬೇಕು. ಒಂದು ಹಲ್ಲಿನಲ್ಲಿ ಅಂಟು ಬಿಟ್ಟರೂ ಗೊತ್ತಾಗದೆ ಆ ಹಲ್ಲೊಂದೇ ಸರಿಯಬಹುದು. ಹಾಗಾಗಿ ಹಲ್ಲುಜ್ಜುವಾಗ ಬೆರಳಾಡಿಸಿ ನೋಡುತ್ತೇನೆ.

ಈಗ ಕೆಳಗೆ ತಂತಿ, ಮೇಲೆ ರಾತ್ರಿ ಹೊತ್ತು ಹಾವ್ಲಿ. ಹಗಲಿಡೀ ಹಾಕಿಕೊಳ್ಳಬೇಕಾದ ಮೊದಲ ತಿಂಗಳುಗಳಲ್ಲಿ ಮಾತೇ ಕಸುಬಾದವರಿಗೆ ಕವಚವನ್ನೇ ಹೇಳುತ್ತೇನೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ರಿಟೇನರ್ ಮಾಡಲು ಹಲ್ಲಿನ ಅಚ್ಚು ತೆಗೆಯುವ ಮೊದಲೇ ವೈದ್ಯರಿಗೆ ತಿಳಿಸಿ.